ರಜಾಕಾರನ ಪಾತ್ರ ಯಾರಿಗೆ?



ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ತಿಂಗಳು ಕೆಲವು ಛಾಯಾಚಿತ್ರಗಳನ್ನು ಕಳುಹಿಸಿದ್ದನು. ವಿಲಿಯಮ್ಸ್‌ಬರ್ಗ್ ಎಂಬ ಊರಿನಲ್ಲಿ ತೆಗೆದವು. ಬ್ರಿಟಿಷರ ವಸಾಹತಾಗಿದ್ದ ಹದಿನೆಂಟನೆಯ ಶತಮಾನದ ವರ್ಜೀನಿಯಾವನ್ನು ಅಲ್ಲಿ ಬೀದಿಬೀದಿಯಲ್ಲಿ ಮರಳಿ ಕಟ್ಟಿದ್ದಾರೆ. ಕಮ್ಮಾರನು ಅಂದಿನ ಉಡುಪಿನಲ್ಲಿಯೇ ಕುಲುಮೆ ಊದುತ್ತಾನೆ, ಕುದುರೆಗಾಡಿ ಓಡುತ್ತದೆ, ನೋಡಲು ಬಂದವರೊಡನೆ ವೇಷಧಾರಿಗಳು ಅಂದಿನ ಮಾತನ್ನೇ ಆಡುತ್ತಾರೆ. ಸಜೀವ ಇತಿಹಾಸವೆಂದು ಇದಕ್ಕೆ ಹೆಸರು. ಚಿತ್ರಗಳ ಕೆಳಗೆ ಅವನು ಬರೆದಿದ್ದನು: "ಸರ, ನಮ್ಮ ಮಳಖೇಡ ಕೋಟ್ಯಾಗ ಹಿಂಗ ಮಾಡಿದ್ರ ಹ್ಯಾಂಗಿರ್ತದ್ರಿ? ನಿಜಾಮನ ಕಾಲದ ಟಾಂಗಾ, ಶೇರವಾನಿ, ಹಾಲಿ ರೂಪಾಯಿ ಎಲ್ಲಾ ಇಟ್ಟು?"

ಅವನ ಉತ್ಸಾಹ ನನಗೆ ಹಿತವೆನಿಸಿತು. ಒಂಬತ್ತನೆಯ ತರಗತಿಯಲ್ಲಿ ಇತಿಹಾಸದ ಅವಧಿ ಬಂತೆಂದರೆ ಕಿಟಕಿಯತ್ತ ಮುಖ ಮಾಡಿ ಕುಳಿತಿರುತ್ತಿದ್ದ ಹುಡುಗನೀತ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಾಗಿತ್ತು. ಆದರೆ ಅವನ ಪ್ರಶ್ನೆಯು ನನ್ನಿಂದಲೇ ನಡೆದುಹೋದ ಒಂದು ತಪ್ಪಿನ ಬಾಗಿಲನ್ನು ತಟ್ಟಿತು. ಆದ್ದರಿಂದ ಉತ್ತರವನ್ನು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಗತಕಾಲವನ್ನು ವೇಷ ತೊಟ್ಟು ಆಡುವ ಉತ್ಸವಗಳು ನಮಗೆ ಹೊಸವೇನಲ್ಲ. 2024ರ ಅಕ್ಟೋಬರಿನಲ್ಲಿ ನಾವು ನಾಲ್ವರು ನಿವೃತ್ತ ಶಿಕ್ಷಕರು ಕಿತ್ತೂರು ಉತ್ಸವಕ್ಕೆ ಹೋಗಿದ್ದೆವು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯವು ಕಂಪನಿಯ ದಂಡನ್ನು ಸೋಲಿಸಿ, ಧಾರವಾಡದ ಕಲೆಕ್ಟರ್ ಥ್ಯಾಕರೆಯು ಹತನಾದ ದಿನಕ್ಕೆ ಆ ವರ್ಷ ಇನ್ನೂರು ತುಂಬಿತ್ತು. ಮೆರವಣಿಗೆಯಲ್ಲಿ ಥ್ಯಾಕರೆಯ ವೇಷದ ಹುಡುಗನೊಬ್ಬನಿದ್ದ. ಮುಖಕ್ಕೆಲ್ಲ ಪೌಡರು, ಕೆಂಪು ಕೋಟು. ಮಧ್ಯಾಹ್ನ ಊಟದ ಸಾಲಿನಲ್ಲಿ ಅವನೇ ನಮ್ಮ ಹಿಂದೆ ತಟ್ಟೆ ಹಿಡಿದು ನಿಂತಿದ್ದನು. ಮುಖ ತೊಳೆದಿದ್ದರೂ ಕಿವಿಯ ಹಿಂದೆ ಇಂಗ್ಲೆಂಡ್ ಇನ್ನೂ ಉಳಿದಿತ್ತು. ಯಾರೋ "ಏ ಥ್ಯಾಕರೆ, ಸರಿ ಮುಂದ" ಎಂದರು. ಅವನೂ ನಕ್ಕನು, ನಾವೂ ನಕ್ಕೆವು.

ಆ ಉತ್ಸವದ ಬಗೆಗೂ ನನ್ನದೊಂದು ತಕರಾರು ಇದೆ. ಡಿಸೆಂಬರಿನಲ್ಲಿ ಕಂಪನಿಯವರು ಮರಳಿ ಬಂದು ಕೋಟೆಯನ್ನು ಹಿಡಿದರು. ರಾಣಿಯು ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ತೀರಿಕೊಂಡಳು. ಅಕ್ಟೋಬರ್ ಉತ್ಸವವಾಯಿತು, ಡಿಸೆಂಬರ್ ಪಠ್ಯಪುಸ್ತಕದಲ್ಲಿಯೇ ಉಳಿಯಿತು. ಆದರೂ ಆ ಹುಡುಗನು ಅಷ್ಟು ನಿಶ್ಚಿಂತೆಯಿಂದ ಥ್ಯಾಕರೆಯಾಗಿ, ಮತ್ತೆ ಅಷ್ಟೇ ನಿಶ್ಚಿಂತೆಯಿಂದ ತಾನಾಗಿ ಊಟಕ್ಕೆ ನಿಂತನಲ್ಲ, ಅದಕ್ಕೊಂದು ಕಾರಣವಿದೆ. ಥ್ಯಾಕರೆಯ ಮೊಮ್ಮಕ್ಕಳು ಯಾರೂ ಕಿತ್ತೂರಿನ ಆ ಸಾಲಿನಲ್ಲಿ ನಿಂತಿರಲಿಲ್ಲ.

ನಮ್ಮ ಸೀಮೆಯ ಸಂಗತಿ ಹಾಗಿಲ್ಲ. ಇಲ್ಲಿ ಪರರ ಆಳ್ವಿಕೆಯು ಎರಡು ಪದರಗಳಲ್ಲಿ ಬಂದಿತು. 1798ರ ಒಪ್ಪಂದದಿಂದ ನಿಜಾಮನು ಇಂಗ್ಲಿಷರ ಆಶ್ರಿತನಾದನು. ನಮ್ಮನ್ನು ಆಳಿದವನು ನಿಜಾಮ, ಅವನ ಹೆಗಲ ಮೇಲೆ ಕೈಯಿಟ್ಟು ನಿಂತವನು ರೆಸಿಡೆಂಟ್. ಇದನ್ನು ಮಕ್ಕಳಿಗೆ ವಿವರಿಸಬೇಕಾದಾಗ ನಾನು ವಾಡಿ ಜಂಕ್ಷನ್ನಿನ ಉದಾಹರಣೆ ಕೊಡುತ್ತಿದ್ದೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮುಂಬಯಿಯ ಕಡೆಯಿಂದ ಇಂಗ್ಲಿಷ್ ಕಂಪನಿಯ ಹಳಿಯು ಕಲಬುರಗಿ, ಶಹಾಬಾದ, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರು ಸೇರಿತು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿಯು ನಿಜಾಮನ ಬೊಕ್ಕಸದ ಹಣದಲ್ಲಿ 1874ರಲ್ಲಿ ತೆರೆಯಿತು. ಎರಡು ಆಳ್ವಿಕೆಗಳು ಹೇಗೆ ಒಂದಕ್ಕೊಂದು ಕೂಡಿಕೊಂಡಿದ್ದವೆಂಬುದನ್ನು ನಮ್ಮ ವಾಡಿಯ ಪ್ಲಾಟ್‌ಫಾರಂ ಮೇಲೆ ನಿಂತೇ ನೋಡಬಹುದು.

ಭೀಮೆಯ ಆಚೆಗೆ ಸುರಪುರವಿದೆ. ಅಲ್ಲಿಯ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ನಾವು ಪ್ರವಾಸ ಹೋಗಿದ್ದೆವು. ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯು 1841ರಲ್ಲಿ ಸುರಪುರಕ್ಕೆ ಬಂದು, ಮುಂದೆ ಬಾಲಕ ರಾಜನ ಪರವಾಗಿ ಆಡಳಿತ ನಡೆಸಿದನು. ಜನರು ಅವನ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಮಹಾದೇವ ಬಾಬಾ ಎಂದು ಕರೆದರು. ಬಾಲಕ ವೆಂಕಟಪ್ಪ ನಾಯಕನಿಗೆ ಅವನು 'ಅಪ್ಪ'. ಅದೇ ಬಾಲಕನು ಬೆಳೆದು 1858ರ ಫೆಬ್ರುವರಿಯಲ್ಲಿ ಇಂಗ್ಲಿಷರ ಮೇಲೆ ಕತ್ತಿ ಎತ್ತಿದನು, ಸೆರೆಸಿಕ್ಕನು, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತನು. ಸಂಸ್ಥಾನವನ್ನು ಇಂಗ್ಲಿಷರು 1860ರಲ್ಲಿ ನಿಜಾಮನಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟರು. ಈ ಕಥೆಯನ್ನು ಸಜೀವವಾಗಿ ಆಡುವುದಾದರೆ ಟೇಲರನಿಗೆ ಯಾವ ಬಣ್ಣ ಹಚ್ಚುತ್ತೀರಿ? ಸೆರೆಮನೆಯಲ್ಲಿ ಸಾಕುಮಗನನ್ನು ನೋಡಲು ಹೋದವನೂ ಅವನೇ. ಇಂಥ ಪಾತ್ರಕ್ಕೆ ಪೌಡರು ಸಾಲದು.

ಇನ್ನು ಸೆಪ್ಟೆಂಬರ್ 17. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳಾದ ಮೇಲೆ, 1948ರ ಆ ದಿನ, ಭಾರತೀಯ ಸೈನ್ಯದ ಕಾರ್ಯಾಚರಣೆಯ ಐದನೆಯ ದಿನ, ನಿಜಾಮನು ಶರಣಾದನು. ಬಹುಕಾಲ ಅದನ್ನು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆನ್ನುತ್ತಿದ್ದೆವು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನವಾಗಿದೆ. ವಿಮೋಚನೆ ಹೋಗಿ ಉತ್ಸವ ಬಂದದ್ದರಿಂದ ಕೆಲವರಿಗೆ ಬೇಸರವಾಯಿತು. ಹೆಸರಿನ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಯಾರಿಂದ ವಿಮೋಚನೆ ಹೊಂದಿದೆವೋ ಆ ಉಸ್ಮಾನ್ ಅಲಿ ಖಾನರೇ 1950ರಿಂದ 1956ರವರೆಗೆ ನಮ್ಮ ರಾಜಪ್ರಮುಖರಾಗಿದ್ದರೆಂಬುದನ್ನು ಮಾತ್ರ ಯಾವ ಸ್ತಬ್ಧಚಿತ್ರವೂ ತೋರಿಸುವುದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. 1998ರಲ್ಲಿ ವಿಮೋಚನೆಗೆ ಐವತ್ತು ತುಂಬಿತು. ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಒಂದು ರೂಪಕ ಆಡಿಸಿದೆನು. ಬರೆದವನೂ ನಾನೇ, ಪಾತ್ರ ಹಂಚಿದವನೂ ನಾನೇ. ಸ್ವಾಮಿ ರಮಾನಂದ ತೀರ್ಥರ ಪಾತ್ರವನ್ನು ತರಗತಿಯ ಜಾಣನಿಗೆ ಕೊಟ್ಟೆ. ನಮ್ಮ ಸಿಂದಗಿಯಲ್ಲಿ ಹುಟ್ಟಿ, ಶಾಲಾ ಮಾಸ್ತರರಾಗಿದ್ದು, ಸಂಸ್ಥಾನದ ಹೋರಾಟಕ್ಕೆ ನಾಯಕರಾದವರೆಂದು ಅವರ ಮೇಲೆ ನನಗೆ ವಿಶೇಷ ಅಭಿಮಾನ. ರಜಾಕಾರರ ಮುಖಂಡನ ಪಾತ್ರವನ್ನು ಎಂಟನೆಯ ತರಗತಿಯ ಒಬ್ಬ ಮುಸಲ್ಮಾನ ಹುಡುಗನಿಗೆ ಕೊಟ್ಟೆ. ಅವನ ಹೆಸರು ಬರೆಯುವುದಿಲ್ಲ. ಅವನ ಕಂಠ ದೊಡ್ಡದು, ಉಚ್ಚಾರ ಸ್ಪಷ್ಟ, ಮನೆಯಲ್ಲಿ ಶೇರವಾನಿ ಇದೆ ಎಂದು ನನಗೆ ನಾನೇ ಕಾರಣಗಳನ್ನು ಹೇಳಿಕೊಂಡಿದ್ದೆ. ಅಷ್ಟೇ ದೊಡ್ಡ ಕಂಠದ ಇನ್ನಿಬ್ಬರು ಹುಡುಗರು ಅದೇ ತರಗತಿಯಲ್ಲಿದ್ದರು.

ಅವನು ಅದ್ಭುತವಾಗಿ ಅಭಿನಯಿಸಿದನು. ಮುಂದಿನ ಸಾಲಿನ ಸಣ್ಣ ಮಕ್ಕಳು ಹೆದರಿ ಅತ್ತರು. ಸ್ಟೀಲಿನ ಊಟದ ಡಬ್ಬಿಯೊಂದು ಬಹುಮಾನವಾಗಿ ಬಂದಿತು. ಮರುದಿನದಿಂದ ಅವನ ಹೆಸರು 'ರಜಾಕಾರ'ನಾಯಿತು. ಎಸ್ಸೆಸ್ಸೆಲ್ಸಿ ಮುಗಿಯುವ ತನಕವೂ ಅದೇ ಹೆಸರು. ಹುಡುಗರು ಕೂಗುವುದು ನನ್ನ ಕಿವಿಗೂ ಬೀಳುತ್ತಿತ್ತು. ಒಮ್ಮೆ ಹಾಜರಿ ಕರೆಯುವಾಗ ಯಾರೋ ಹಿಂದಿನಿಂದ "ರಜಾಕಾರ ಬಂದಿಲ್ರಿ ಸರ" ಎಂದಾಗ ಇಡೀ ತರಗತಿ ನಕ್ಕಿತು. ನಾನೂ ನಕ್ಕೆನೆಂದು ಬರೆಯಲು ಇಂದು ನಾಚಿಕೆಯಾಗುತ್ತದೆ.

2023ರಲ್ಲಿ ವಾಡಿ ನಿಲ್ದಾಣದಲ್ಲಿ ಅವನು ಸಿಕ್ಕನು. ತಲೆ ಅರ್ಧ ನರೆತಿದೆ. ಬಾಗಿ ಕಾಲು ಮುಟ್ಟಿದನು, ಚಹಾ ಕುಡಿಸಿದನು. ಗಾಡಿ ತಡವಾಗಿದ್ದರಿಂದ ಮಾತು ಬೆಳೆಯಿತು. "ಡಬ್ಬಿ ಇನ್ನಾ ಮನ್ಯಾಗ ಅದರಿ ಸರ. ಆ ಹೆಸರೂ ಉಳದದ. ಮೊನ್ನಿ ಲಗ್ನದಾಗ ಒಬ್ಬಾಂವ ನನ್ನ ಮಗಳ ಮುಂದೇ ಹಂಗೇ ಕರದ" ಎಂದನು. ಧ್ವನಿಯಲ್ಲಿ ದೂರು ಇರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹೇಳಿದನು: "ನಮ್ಮಜ್ಜ ರೇಲ್ವೆದಾಗ ಗ್ಯಾಂಗಮನ್ ಇದ್ದರಿ. ಪೊಲೀಸ್ ಆ್ಯಕ್ಷನ್ ಆದ ಮ್ಯಾಲ ಒಬ್ಬರು ಗೌಡರು ಅವನಿಗಿ ಹನ್ನೊಂದು ದಿನ ಕಣಕಿ ಬಣವ್ಯಾಗ ಮುಚ್ಚಿ ಇಟ್ಟಿದ್ರಂತ. ನಿಮ್ಮ ನಾಟಕದಾಗ ಅದು ಇರಲಿಲ್ರಿ."

ಇರಲಿಲ್ಲ. ನನ್ನ ರೂಪಕವು ಸೆಪ್ಟೆಂಬರ್ 17ರಂದು ಧ್ವಜ ಏರುವಲ್ಲಿಗೆ ಮುಗಿದಿತ್ತು. ಅದಕ್ಕೆ ಮೊದಲಿನ ಸಂಕಟ ನನಗೆ ಗೊತ್ತಿತ್ತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳ ಸುದ್ದಿಯನ್ನು ನನ್ನ ಅಜ್ಜಿಯು ಸಾಯುವ ತನಕ ಹೇಳುತ್ತಿದ್ದಳು. ನಮ್ಮ ಮನೆಯ ಜೋಳವೆಲ್ಲ ಹಗೇವಿನಲ್ಲಿ, ಹೆಣ್ಣುಮಕ್ಕಳೆಲ್ಲ ಸೊಲ್ಲಾಪುರದ ನೆಂಟರಲ್ಲಿ. ಆ ಭಯ ಸುಳ್ಳಲ್ಲ. ಅದನ್ನು ತೋರಿಸಲೇಬೇಕು. ಗೋರ್ಟಾದ ಹುತಾತ್ಮರ ಸ್ಮಾರಕವು 2023ರಲ್ಲಿ ಉದ್ಘಾಟನೆಯಾದಾಗ ಅಜ್ಜಿ ಇರಬೇಕಿತ್ತು ಎನಿಸಿತು.

ಆದರೆ ಧ್ವಜ ಏರಿದ ಮೇಲಿನ ದಿನಗಳನ್ನು ನಾನು ಮಕ್ಕಳಿಗೆ ಹೇಳಲೇ ಇಲ್ಲ. ಪಂಡಿತ್ ಸುಂದರಲಾಲರ ನೇತೃತ್ವದಲ್ಲಿ ನೆಹರೂ ಸರಕಾರವು ಕಳುಹಿಸಿದ ತಂಡವೊಂದು ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನೆಲ್ಲ ಸುತ್ತಿ ಬಂದಿತು. ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರೆಂಬುದು ಅದರ ಅಂದಾಜು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಅತಿ ಹೆಚ್ಚು ನಲುಗಿದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ನಾಂದೇಡ, ಬೀದರಗಳೊಡನೆ ನಮ್ಮ ಗುಲಬರ್ಗಾವೂ ಇದೆ. ನೆರೆಯವರನ್ನು ಕಾಪಾಡಿದ ಹಿಂದೂಗಳ ಸಂಗತಿಯೂ ಅದರಲ್ಲಿದೆ. ವರದಿಯು ದಶಕಗಳ ಕಾಲ ಕಪಾಟಿನಲ್ಲಿಯೇ ಇದ್ದು, 2013ರಲ್ಲಿ ಸಾರ್ವಜನಿಕರ ಕೈಗೆ ಸಿಕ್ಕಿತು. 1998ರಲ್ಲಿ ನಾನು ಅದನ್ನು ಓದಿರಲಿಲ್ಲವೆಂಬುದು ನಿಜ. ಆದರೆ ಕಣಕಿ ಬಣವೆಯ ಕಥೆ ಊರಲ್ಲಿಯೇ ಇತ್ತು, ನಾನು ಕೇಳಲಿಲ್ಲ.

ಇನ್ನೊಂದು ಹೆಸರನ್ನೂ ನಾನು ರೂಪಕದಲ್ಲಿ ಬಿಟ್ಟಿದ್ದೆ. ಶೋಯೆಬುಲ್ಲಾ ಖಾನ್, ಹೈದರಾಬಾದಿನ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕರು. ಸಂಸ್ಥಾನವು ಭಾರತವನ್ನು ಸೇರಬೇಕೆಂದು ಬರೆದುದಕ್ಕಾಗಿ 1948ರ ಆಗಸ್ಟಿನಲ್ಲಿ, ವಿಮೋಚನೆಗೆ ತಿಂಗಳೂ ಉಳಿದಿರಲಿಲ್ಲ, ರಜಾಕಾರರು ಅವರನ್ನು ನಡುಬೀದಿಯಲ್ಲಿ ಕೊಂದರು. ಆ ಹುಡುಗನ ದೊಡ್ಡ ಕಂಠಕ್ಕೆ, ಆ ಶೇರವಾನಿಗೆ ಈ ಪಾತ್ರವೂ ಒಪ್ಪುತ್ತಿತ್ತು. ನನಗೆ ಹೊಳೆಯಲಿಲ್ಲ. ಹಾಗೆಂದು ಅವನಿಗೆ ಇದನ್ನೇ ಕೊಡಬೇಕಿತ್ತೆಂದೂ ಹೇಳಲಾರೆ. ಆಗಲೂ ನಾನು ಅವನ ಜಾತಿಯನ್ನು ನೋಡಿಯೇ ಕೊಟ್ಟಂತಾಗುತ್ತಿತ್ತಲ್ಲವೇ?

ವಿಲಿಯಮ್ಸ್‌ಬರ್ಗಿನ ವಿಷಯವನ್ನು ನಾನು ಸ್ವಲ್ಪ ಓದಿ ನೋಡಿದೆನು. ಹದಿನೆಂಟನೆಯ ಶತಮಾನದಲ್ಲಿ ಆ ಊರಿನ ಸುಮಾರು ಅರ್ಧದಷ್ಟು ಜನ ಗುಲಾಮರಾಗಿದ್ದರು. ಆದರೆ 1979ರ ತನಕ ಅಲ್ಲಿಯ ವೇಷಧಾರಿಗಳು ಅವರ ಬದುಕನ್ನು ಸರಿಯಾಗಿ ತೋರಿಸಿರಲಿಲ್ಲ. 1994ರಲ್ಲಿ ಗುಲಾಮರ ಹರಾಜನ್ನೇ ಬೀದಿಯಲ್ಲಿ ಆಡಿ ತೋರಿಸಿದಾಗ ದೊಡ್ಡ ಪ್ರತಿಭಟನೆಯಾಯಿತು. ಮಾಡಿದ್ದು ಸರಿಯೋ ತಪ್ಪೋ ಎಂದು ಅಲ್ಲಿಯವರೇ ವಾದಿಸಿದರು. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆಯೇ ಸಂಗತಿ. ಹರಾಜಿನ ಕಟ್ಟೆಯನ್ನು ಹತ್ತಿದ ಕಪ್ಪು ಜನಾಂಗದ ಕಲಾವಿದರು ಅದನ್ನು ತಾವಾಗಿ ಯೋಚಿಸಿ, ತಾವೇ ರೂಪಿಸಿ ಹತ್ತಿದ್ದರು. ಮಾಸ್ತರನೊಬ್ಬ ಬೆರಳು ತೋರಿಸಿ "ನೀ ಹತ್ತು" ಎಂದಿರಲಿಲ್ಲ.

ಆದುದರಿಂದ ವರ್ಜೀನಿಯಾದ ನನ್ನ ಶಿಷ್ಯನಿಗೆ ಉತ್ತರ ಇಷ್ಟೇ. ಮಾಡೋಣ, ಆದರೆ ಟಾಂಗಾ, ಶೇರವಾನಿ, ಹಾಲಿ ರೂಪಾಯಿಗಳಿಂದ ಪ್ರಾರಂಭಿಸುವುದು ಬೇಡ. ಹಳಿಯ ಕಲ್ಲು ಹೊತ್ತವರು, ಶಹಾಬಾದದ ಗಣಿಯಲ್ಲಿ ಪರಸಿ ಎಬ್ಬಿಸಿದವರು, ಉರ್ದುವಿನಲ್ಲಿ ಬರೆದ ನೋಟೀಸು ಓದಲಾಗದೆ ಹೊಲ ಕಳೆದುಕೊಂಡವರು, ಜೋಳ ಹುಗಿದವರು, ಬಣವೆಯಲ್ಲಿ ಅಡಗಿದವರು, ಅಡಗಿಸಿದವರು ಮೊದಲು ಬರಲಿ. ರಜಾಕಾರನೂ ಬರಲಿ, ಅವನನ್ನು ಬಿಟ್ಟರೆ ಅಜ್ಜಿಯ ಭಯಕ್ಕೆ ಅರ್ಥವಿಲ್ಲ. ಆದರೆ ಹುಟ್ಟನ್ನು ನೋಡಿ ಪಾತ್ರ ಹಂಚಕೂಡದು.

ನಮ್ಮೂರಿನ ಬಗೆಗೊಂದು ಮಾತು ನೆನಪಾಯಿತು. ಸನ್ನತಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ವಿಗ್ರಹದ ಪೀಠವಾಗಿದ್ದ ಬಂಡೆಯ ಮೇಲೆ ಅಶೋಕನ ಶಾಸನ ಸಿಕ್ಕಿತಲ್ಲವೇ, ವಿಗ್ರಹವನ್ನು ನಿಲ್ಲಿಸಲು ಅದರ ನಡುವೆ ಯಾರೋ ಚೌಕಾಕಾರದ ರಂಧ್ರ ಕೊರೆದಿದ್ದರು. ಅದರಲ್ಲಿರುವ ಹನ್ನೆರಡನೆಯ ಶಾಸನವು ಪರಮತವನ್ನು ಗೌರವಿಸಬೇಕೆಂದು ಹೇಳುವಂಥದು. ಆ ಕಲ್ಲಿನ ಮೇಲೆ ಎಷ್ಟು ಪಾಠ ಮಾಡಿದ್ದೇನೆ! ಪಾಠ ಮಾಡಿಯೂ ಆ ರೂಪಕ ಬರೆದೆನು.

ಈ ವರ್ಷದ ಸೆಪ್ಟೆಂಬರಿಗೆ ನಮ್ಮ ಶಾಲೆಯೊಂದರಲ್ಲಿ ಮತ್ತೆ ರೂಪಕ ಆಡಿಸುತ್ತಾರಂತೆ. ಆಡಿಸುವ ಶಿಕ್ಷಕಿಯು ನನ್ನ ವಿದ್ಯಾರ್ಥಿನಿಯೇ. ಹಳೆಯ ಪ್ರತಿ ಕೇಳಲು ಮನೆಗೆ ಬಂದಿದ್ದಳು. ಕೊಡಲಿಲ್ಲ. ಮೇಲಿನದೆಲ್ಲವನ್ನೂ ಅವಳಿಗೆ ಹೇಳಿದೆನು. ಎಲ್ಲ ಪಾತ್ರಗಳ ಹೆಸರನ್ನು ಚೀಟಿಯಲ್ಲಿ ಬರೆದು ಮಕ್ಕಳಿಂದಲೇ ಎತ್ತಿಸು, ಬೇಡವೆಂದವರಿಗೆ ಒತ್ತಾಯ ಮಾಡಬೇಡ ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ, ನಿಮ್ಮ ಮೊಮ್ಮಗನೂ ನಮ್ಮ ಎಂಟನೆತ್ತಾದಾಗೇ ಇದ್ದಾನ್ರಿ. ರಜಾಕಾರನ ಚೀಟಿ ಅವನಿಗೇ ಬಂದ್ರ?" ಎಂದಳು.

ಬರಲಿ ಎಂದೆನು. ಸೊಸೆಗೆ ಇನ್ನೂ ಹೇಳಿಲ್ಲ.