ಓದಲಿಕ್ಕೆ ಫೀ ಇಲ್ಲ, ಬಾಗಿಲಿಗೆ ಮಾತ್ರ ಹನ್ನೆರಡು ಲಕ್ಷದ ಬೀಗ!

ಹರಪನಹಳ್ಳಿ ತಾಲ್ಲೂಕಿನ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವ ಕಾರ್ಮಿಕರೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲಿ ಮಗನಿಗೆ ಜರ್ಮನಿಯಿಂದ ಬಂದ ಪತ್ರ. ಹುಡುಗ ಇಂಜಿನಿಯರಿಂಗ್ ಮುಗಿಸಿ, ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಮುಂದಿನ ಓದಿಗೆ ಸೀಟು ಗಳಿಸಿದ್ದಾನೆ. "ಫೀ ಇಲ್ಲ ಅಂದ್ರು, ಹಿಗ್ಗಿದ್ವಿ. ಈಗ ಹನ್ನೆರಡು ಲಕ್ಷ ತೋರ್ಸು ಅಂತಾರ. ಮೇಷ್ಟ್ರೇ, ನನ್ನ ಮಗ ಓದಾಕ ಹೊಂಟಾನೋ, ಹೊಲ ಖರೀದಿ ಮಾಡಾಕ ಹೊಂಟಾನೋ?" ಎಂದು ಕೇಳಿದರು. ಆಗ ನನಗೆ ಉತ್ತರ ತೋಚಲಿಲ್ಲ. ನಾಲ್ಕು ದಿನ ಕಾಗದಪತ್ರ ತಿರುವಿಹಾಕಿದ ಮೇಲೆ ಬರೆಯುತ್ತಿದ್ದೇನೆ.

ನಿಯಮ ಹೀಗಿದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಪರದೇಶದ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ಪಡೆಯುವುದಿಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ಎಂಬ ಪ್ರಾಂತ್ಯ 2017ರಿಂದ ಆರು ತಿಂಗಳಿಗೆ 1,500 ಯೂರೋ ಕೇಳುತ್ತದೆ. ಉಳಿದ ಕಡೆ ಹೆಚ್ಚುಕಡಿಮೆ ಬಿಟ್ಟಿ ಓದು. ಇದು ಮೆಚ್ಚತಕ್ಕ ಮಾತು, ನಮ್ಮ ಖಾಸಗಿ ಕಾಲೇಜುಗಳ ಧಣಿಗಳು ಕಿವಿಗೊಟ್ಟು ಕೇಳಲಿ. ಆದರೆ ವೀಸಾ ಬೇಕೆಂದರೆ ಒಂದು ವರ್ಷದ ಊಟ-ವಸತಿಯ ಹಣವನ್ನು ಮೊದಲೇ ಒಂದು ಬೀಗದ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದಂತೆ ಆ ಮೊತ್ತ 11,904 ಯೂರೋ. ಅಲ್ಲಿಗೆ ಹೋಗಿ ಸೇರಿದ ಮೇಲೆ ತಿಂಗಳಿಗೆ 992ರಂತೆ ಬಿಡಿಸಿಕೊಳ್ಳಬೇಕು. ಯೂರೋ ಒಂದಕ್ಕೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷಕ್ಕೆ ಸಮ. ಇದಕ್ಕೂ ಮುಂಚೆ, 2022ರ ನವೆಂಬರಿನಿಂದ, ಭಾರತದ ವಿದ್ಯಾರ್ಥಿ ತನ್ನ ಅಂಕಪಟ್ಟಿಗಳು ಅಸಲಿ ಎಂದು ದೆಹಲಿಯ ಎ.ಪಿ.ಎಸ್. ಎಂಬ ಕಚೇರಿಯಿಂದ ಸರ್ಟಿಫಿಕೇಟು ತರಬೇಕಾಗಿದೆ. ಅದಕ್ಕೆ ಇಟ್ಟ ಶುಲ್ಕ 18,000 ರೂಪಾಯಿ. ಆ ಮೇಲೆ ವೀಸಾ ಫೀ, ವಿಮೆ, ವಿಮಾನದ ಟಿಕೆಟ್ಟು.

"ಬೀಗದ ಖಾತೆಯ ಹಣ ಅವನದೇ ಅಲ್ಲವೇ, ಅವನೇ ಅಲ್ಲವೇ ಉಣ್ಣುವವನು?" ಎಂದು ನಮ್ಮ ಊರಿನ ಒಬ್ಬ ಬುದ್ಧಿವಂತರು ನನ್ನನ್ನು ಕೇಳಿದರು. ಹಣ ಇದ್ದವನಿಗೆ ಅದು ಸರಿ. ಇಲ್ಲದವನು ಪೇಟೆಯಲ್ಲಿ ಎತ್ತಬೇಕು. ನೂರಕ್ಕೆ ಎರಡರ ಬಡ್ಡಿ ಎಂದರೆ ಹನ್ನೆರಡು ಲಕ್ಷಕ್ಕೆ ತಿಂಗಳಿಗೆ 24,000, ವರ್ಷಕ್ಕೆ 2,88,000. ಸಣ್ಣ ವ್ಯಾಪಾರಿ ಬಂಧುಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಶ್ರೀಮಂತನ ಮಗನಿಗೆ ಈ ಖಾತೆ ಒಂದು ಠೇವಣಿ, ಗಿರಣಿಯ ಹಮಾಲರ ಮಗನಿಗೆ ಅದು ತಲೆಯ ಮೇಲಿನ ಸಾಲ. ಒಂದೇ ನಿಯಮ, ಒಂದೇ ಮೊತ್ತ, ಎರಡು ಬೇರೆ ಬೇರೆ ಬೆಲೆ!

ಇನ್ನೊಂದು ವಿಚಿತ್ರ ನೋಡಿ. 2024ರ ಮಾರ್ಚಿನಿಂದ ಜರ್ಮನಿಯಲ್ಲಿ ವಿದ್ಯಾರ್ಥಿಯೊಬ್ಬ ವರ್ಷಕ್ಕೆ 140 ಪೂರ್ಣ ದಿನ ಕೂಲಿ ಮಾಡಬಹುದು ಎಂದು ಅವರದೇ ಕಾಯಿದೆ ಹೇಳುತ್ತದೆ. 2025ರಲ್ಲಿ ಅಲ್ಲಿಯ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ದಿನಕ್ಕೆ ಎಂಟು ಗಂಟೆಯಂತೆ 140 ದಿನ ದುಡಿದರೆ 14,358 ಯೂರೋ. ಬೀಗದ ಮೊತ್ತಕ್ಕಿಂತ ಹೆಚ್ಚೇ ಆಯಿತು! ಎಲ್ಲರಿಗೂ ಕೆಲಸ ಸಿಕ್ಕುವುದಿಲ್ಲ, ಓದುವುದನ್ನು ಬಿಟ್ಟು ತಟ್ಟೆ ತೊಳೆಯುತ್ತ ಕೂರಬೇಕೆಂದೂ ನಾನು ಹೇಳುವುದಿಲ್ಲ. ಆದರೆ ದುಡಿದು ತಿನ್ನಬಲ್ಲ ಹುಡುಗನನ್ನು, ದುಡಿಯುವುದಕ್ಕೆ ಮೊದಲೇ ಹಣ ತೋರಿಸು ಎಂದು ಬಾಗಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಇಂಗ್ಲೆಂಡಿನದು ಇನ್ನೊಂದು ಬಗೆ. ಅಲ್ಲಿ ಫೀಯೂ ಉಂಟು, ಹಣ ತೋರಿಸುವುದೂ ಉಂಟು. ಆ ಹಣ ಖಾತೆಯಲ್ಲಿ 28 ದಿನ ಸತತವಾಗಿ ಕೂತಿರಬೇಕು. ಒಂದು ದಿನ ಕೆಳಗಿಳಿದರೂ ಅರ್ಜಿ ತಿರಸ್ಕೃತ. ಖಾತೆಯೂ ವಿದ್ಯಾರ್ಥಿಯದು, ಇಲ್ಲವೇ ತಂದೆತಾಯಿಯದು ಅಥವಾ ಕಾನೂನುಬದ್ಧ ಪೋಷಕರದು ಆಗಿರಬೇಕು. ಕೊಟ್ಟೂರಿನ ಕಿರಾಣಿ ಅಂಗಡಿಯ ಒಟ್ಟು ಕುಟುಂಬದಲ್ಲಿ ದುಡ್ಡೆಲ್ಲ ದೊಡ್ಡಪ್ಪನ ಹೆಸರಿನಲ್ಲಿರುತ್ತದೆ. ದೊಡ್ಡಪ್ಪ ಸಾಕಿ ಸಲಹಿರಬಹುದು, ಶಾಲೆಗೆ ಕಳಿಸಿರಬಹುದು. ಲಂಡನ್ನಿನ ಕಣ್ಣಿಗೆ ಆತ ಪರಕೀಯ. ಅಮೆರಿಕಾ, ಜಪಾನು, ಆಸ್ಟ್ರೇಲಿಯಾದ ವಿದ್ಯಾರ್ಥಿಗಳು ಅರ್ಜಿಯೊಡನೆ ಈ ಪುರಾವೆ ಲಗತ್ತಿಸಬೇಕಾಗಿಲ್ಲ, ಅವರಿಗೆಂದೇ ಒಂದು ಪಟ್ಟಿ ಇದೆ. 2018ರಲ್ಲಿ ಆ ಪಟ್ಟಿಗೆ ಚೀನಾ, ಮೆಕ್ಸಿಕೋ, ಇಂಡೋನೇಷ್ಯಾ, ಥೈಲ್ಯಾಂಡ್ ಮೊದಲಾದ ದೇಶಗಳನ್ನು ಸೇರಿಸಿದರು; ಭಾರತವನ್ನು ಬಿಟ್ಟರು. ಇನ್ನೂರು ವರ್ಷ ನಮ್ಮ ಹತ್ತಿಯನ್ನೂ ಉಪ್ಪಿನ ತೆರಿಗೆಯನ್ನೂ ಹೊತ್ತೊಯ್ದವರಿಗೆ ಈಗ ನಮ್ಮ ಹುಡುಗನ ಬ್ಯಾಂಕು ಪುಸ್ತಕದ ಮೇಲೆ ಸಂಶಯ!

ಸಾಲ ಕೊಡಲಿಕ್ಕೆ ಬ್ಯಾಂಕುಗಳಿಲ್ಲವೇ ಎಂದರೆ, ಇವೆ. ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಅಡಮಾನವಿಲ್ಲ, ಅದರ ಮೇಲಕ್ಕೆ ಆಸ್ತಿ ಬೇಕು. ಯಾವ ಆಸ್ತಿ? ಕೂಡ್ಲಿಗಿಯ ಐದೆಕರೆ ಖುಷ್ಕಿಯ ಪಹಣಿ ಇಟ್ಟರೆ ಮ್ಯಾನೇಜರು ಪಕ್ಕಕ್ಕೆ ಸರಿಸುತ್ತಾರೆ. ಸಾಲ ತೀರದಿದ್ದರೆ ಬ್ಯಾಂಕು ತಾನೇ ಜಪ್ತಿ ಮಾಡಿಕೊಳ್ಳುವ 2002ರ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಅವರಿಗೆ ಅದು ರುಚಿಸುವುದಿಲ್ಲ. ಹಗರಿಬೊಮ್ಮನಹಳ್ಳಿಯ ಆಸುಪಾಸಿನ ಹಳ್ಳಿಯಲ್ಲಿ ಮನೆಯಿದೆ ಎಂದರೆ ಇ-ಸ್ವತ್ತು ತಾ, ಫಾರಂ 9 ತಾ, 11ಎ ತಾ. ಪಂಚಾಯಿತಿಯಲ್ಲಿ ಸಿಕ್ಕಿದ್ದು 11ಬಿ ಆದರೆ ಮತ್ತೆ ಆಗುವುದಿಲ್ಲ. ಅಜ್ಜನ ಕಾಲದಿಂದ ಕಂದಾಯ ಕಟ್ಟಿದ ಮನೆ ಬಡವನ ಪಾಲಿಗೆ ಮನೆ, ಬ್ಯಾಂಕಿನ ಪಾಲಿಗೆ ಬಯಲು.

ಇದೆಲ್ಲ ಪರದೇಶದವರ, ಬ್ಯಾಂಕಿನವರ ಕಥೆಯಾಯಿತು. ನಮ್ಮ ಘನ ಸರ್ಕಾರದ ಕಥೆ ಇದಕ್ಕಿಂತ ಸೊಗಸು. ಹರಪನಹಳ್ಳಿ 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಮೈಸೂರಿಗೆ ಬಂತು. ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ದಾವಣಗೆರೆಯಲ್ಲಿದ್ದ ಕಾರಣ 371(ಜೆ) ವಿಧಿಯ ಅನುಕೂಲವೂ ಮೊದಲ ವರ್ಷಗಳಲ್ಲಿ ಈ ತಾಲ್ಲೂಕಿಗೆ ತಪ್ಪಿತು. ಈಗ 2002ರಲ್ಲಿ ಹುಟ್ಟಿದ ಹುಡುಗನ ಕಾಗದ ಬಿಚ್ಚಿ ನೋಡಿ: ಜನನ ಪತ್ರದಲ್ಲಿ ದಾವಣಗೆರೆ, ಪಿಯುಸಿ ಕಾಲಕ್ಕೆ ಬಳ್ಳಾರಿ, ಪಾಸ್‌ಪೋರ್ಟ್ ವಿಳಾಸದಲ್ಲಿ ವಿಜಯನಗರ. ಹುಡುಗ ಊರು ಬಿಟ್ಟು ಕದಲಿಲ್ಲ, ಜಿಲ್ಲೆಗಳೇ ಅವನ ಮೇಲೆ ನಡೆದಾಡಿದವು. ಕೊಟ್ಟೂರು ತಾಲ್ಲೂಕಾಗುವ ಮುಂಚೆ ಕೂಡ್ಲಿಗಿಗೆ ಸೇರಿತ್ತು. 'ಬೆಳ್ಳಾರಿ' ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದದ್ದು 2014ರ ನವೆಂಬರ್ 1ರಿಂದ 'ಬಳ್ಳಾರಿ' ಆಯಿತು. ಹಗರಿಬೊಮ್ಮನಹಳ್ಳಿ ಒಂದು ಕಾಗದದಲ್ಲಿ ಪೂರ್ಣ, ಇನ್ನೊಂದರಲ್ಲಿ ಎಚ್.ಬಿ.ಹಳ್ಳಿ. ಹಡಗಲಿಯ ಹಿಂದೆ ಹೂವು ಉಂಟೋ ಇಲ್ಲವೋ ಎಂಬುದು ಬರೆದ ಗುಮಾಸ್ತರ ಮರ್ಜಿ. ಪ್ರತಿಯೊಂದು ವ್ಯತ್ಯಾಸಕ್ಕೂ ಒಂದು ಬಾಂಡ್ ಪೇಪರು, ಒಬ್ಬ ನೋಟರಿ, ಒಂದು ಅಫಿಡವಿಟ್ಟು.

ಹೆಸರಿನ ಪಾಡಂತೂ ಹೇಳತೀರದು. ನಮ್ಮಲ್ಲಿ ಮನೆಗೊಬ್ಬ ಕೊಟ್ರೇಶ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ 'ಕೊಟ್ರೇಶ ಬಿ', ಆಧಾರದಲ್ಲಿ 'ಬಿ ಕೊಟ್ರೇಶಪ್ಪ'. ಪಾಸ್‌ಪೋರ್ಟಿನವರು ಮನೆತನದ ಹೆಸರು ಯಾವುದು ಎಂದು ಕೇಳುತ್ತಾರೆ. ನಮಗೆ ಊರಿನ ಹೆಸರುಂಟು, ಅಪ್ಪನ ಹೆಸರುಂಟು. ಬ್ರಿಟಿಷರ ಮಾದರಿಯ ಮನೆತನದ ಹೆಸರು ಎಲ್ಲಿಂದ ತರೋಣ? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕಾದ ವೀಸಾದಲ್ಲಿ 'ಮೊದಲ ಹೆಸರು ತಿಳಿಯದು' ಎಂಬ ಅರ್ಥದ ಮೂರಕ್ಷರ ಅಚ್ಚಾಗುತ್ತದೆ. ನಾನು ಶಾಲೆಯಲ್ಲಿದ್ದಾಗ ದಾಖಲಾತಿ ಪುಸ್ತಕದಲ್ಲಿ ಎಷ್ಟು ಮಕ್ಕಳ ಹೆಸರಿನ ಮುಂದೆ ಒಂದಕ್ಷರ ಹಾಕಿ ಮುಗಿಸಿದೆನೋ ಲೆಕ್ಕವಿಲ್ಲ. ಆ ಮಕ್ಕಳು ಯಾವತ್ತಾದರೂ ಸಮುದ್ರ ದಾಟಿಯಾರು ಎಂದು ನನಗೂ ತೋಚಿರಲಿಲ್ಲ, ನನಗೆ ಜೂನ್ 1ನ್ನೇ ಹುಟ್ಟಿದ ದಿನವೆಂದು ಬರೆದ ನನ್ನ ಮೇಷ್ಟ್ರಿಗೂ ತೋಚಿರಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಕಾಗದ ಹೊಂದದ ಕಡೆ ದಲ್ಲಾಳಿ ಹುಟ್ಟುತ್ತಾನೆ. 'ಎಲ್ಲ ನಾವು ನೋಡಿಕೊಳ್ಳುತ್ತೇವೆ' ಎನ್ನುವ ಬೋರ್ಡು, ತಣ್ಣನೆಯ ಕೋಣೆ, ರಸೀದಿಯಿಲ್ಲದ ವಸೂಲಿ. ಖಾತೆಯಲ್ಲಿ ತೋರಿಸಲು ತಿಂಗಳ ಬಾಡಿಗೆಗೆ ಹಣ ಕೊಡುವವರೂ ಉಂಟು. ಸಿಕ್ಕಿಬಿದ್ದರೆ ಕಳಂಕ ಹುಡುಗನಿಗೆ, ಕಮಿಷನ್ನು ದಲ್ಲಾಳಿಗೆ. 2023ರಲ್ಲಿ ಕೆನಡಾದಲ್ಲಿ ಏನಾಯಿತು? ಬಹುಪಾಲು ಪಂಜಾಬಿನ ವಿದ್ಯಾರ್ಥಿಗಳು, ಏಜೆಂಟನು ಕೊಟ್ಟ ಕಾಲೇಜಿನ ಪತ್ರವೇ ನಕಲಿ ಎಂದು ವರ್ಷಗಳಾದ ಮೇಲೆ ತಿಳಿದು, ಗಡೀಪಾರಿನ ನೋಟೀಸು ಹಿಡಿದು ಬೀದಿಯಲ್ಲಿ ಧರಣಿ ಕೂತರು. ಆ ಮೇಲೆ ಅಲ್ಲಿಯ ಸರ್ಕಾರ ಗಡೀಪಾರನ್ನು ತಡೆಹಿಡಿಯಿತು. ಕೂಲಿಗೆ ಜನ ಕಳಿಸುವ ಏಜೆಂಟರು ನೋಂದಾಯಿಸಬೇಕೆಂದು 1983ರ ವಲಸೆ ಕಾಯಿದೆ ಹೇಳುತ್ತದೆ, ಓದಿಗೆ ಕಳಿಸುವವರ ವಿಷಯದಲ್ಲಿ ಅದು ಮೌನ. ಪಂಜಾಬು 2012ರಲ್ಲೇ ತನ್ನ ಕಾಯಿದೆ ಮಾಡಿಕೊಂಡಿತು. ಬೆಂಗಳೂರಿನ ಮಹಾಶಯರಿಗೆ ಅದರ ಪ್ರತಿ ತರಿಸಿ ಓದಲು ಏನಡ್ಡಿ?

ಹೇಗೋ ಹೋದ ಎನ್ನಿ. ಅಲ್ಲಿಗೆ ಮುಗಿಯಿತೇ? ಜರ್ಮನಿಯಲ್ಲಿ ಮನೆ ಹಿಡಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕನ ಸಹಿ ಬೇಕು. ವೀಸಾದ ಅವಧಿ ತೀರುವ ಮುಂಚೆ ಪರದೇಶಿಯರ ಕಚೇರಿಯಿಂದ ವಾಸದ ಪರವಾನಗಿ ಪಡೆಯಬೇಕು. ಅದನ್ನು ಹೊಸದು ಮಾಡುವಾಗಲೆಲ್ಲ ಮತ್ತೆ ಹಣದ ಪುರಾವೆ. ಇಲ್ಲಿಂದಲೇ ವೀಸಾ ತಿರಸ್ಕಾರವಾದರೆ ಮೊದಲು ರಾಯಭಾರ ಕಚೇರಿಗೇ ಖರ್ಚಿಲ್ಲದೆ ಮರುಪರಿಶೀಲನೆಯ ಅರ್ಜಿ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದನ್ನೂ ಎತ್ತಿಬಿಟ್ಟರು. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನ ಕೋರ್ಟಿನಲ್ಲಿ ದಾವೆ ಹೂಡಬೇಕು. ಹರಪನಹಳ್ಳಿಯ ಹಮಾಲರು ಬರ್ಲಿನ್ನಿನಲ್ಲಿ ವಕೀಲರನ್ನು ಇಡುವುದು! ಅಮೆರಿಕಾದಲ್ಲಿ 2025ರ ಏಪ್ರಿಲಿನಲ್ಲಿ ಸಾವಿರಾರು ವಿದ್ಯಾರ್ಥಿಗಳ ದಾಖಲೆಯನ್ನು ಸರಿಯಾದ ಕಾರಣ ತಿಳಿಸದೆ ರದ್ದು ಮಾಡಿ, ಕೋರ್ಟುಗಳು ತಡೆದ ಮೇಲೆ ಮರಳಿಸಿದರು.

"ಪರದೇಶಕ್ಕೆ ಹೋಗುವವರು ಉಳ್ಳವರ ಮಕ್ಕಳು, ಗಿರಣಿ ಕಾರ್ಮಿಕರ ಪತ್ರಿಕೆಗೆ ಅವರ ಗೋಳೇಕೆ?" ಎಂದು ನಮ್ಮ ಸಂಗಾತಿಗಳೇ ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಒಂದು ನೆನಪು ಮಾಡುತ್ತೇನೆ. ಹಡಗಲಿಯಿಂದ, ಹರಪನಹಳ್ಳಿಯಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿಯ ರಾಣೆಬೆನ್ನೂರು ತಾಲ್ಲೂಕಿನ ವೈದ್ಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ಅಂಥವರೆಲ್ಲ ಮೋಜಿಗೆ ಹೋದವರೇ? ಇಲ್ಲಿಯ ಖಾಸಗಿ ಕಾಲೇಜಿನ ಸೀಟಿಗೆ ಕೋಟಿಯ ಮಾತು ಕೇಳಿ, ಅಷ್ಟಿಲ್ಲದೆ ಅಗ್ಗದ ಕಡೆಗೆ ಹೋದವರು. ಅವರಲ್ಲಿ ಶಿಕ್ಷಕರ, ಅಂಗಡಿಯವರ, ರೈತರ ಮಕ್ಕಳು ಎಷ್ಟೋ. ಉಳ್ಳವರ ಮಕ್ಕಳಿಗೆ ಕಾಗದ ಅಡ್ಡಿಯಾಗುವುದಿಲ್ಲ, ಅವರ ಲೆಕ್ಕಿಗರು ನೋಡಿಕೊಳ್ಳುತ್ತಾರೆ. ಅಡ್ಡಿಯಾಗುವುದು ನಮ್ಮವರಿಗೇ. ಲೋಹಿಯಾ 1929ರಲ್ಲಿ ಬರ್ಲಿನ್ನಿಗೆ ಹೋಗಿ, ಭಾರತದ ಉಪ್ಪಿನ ತೆರಿಗೆಯನ್ನೇ ವಿಷಯವಾಗಿಟ್ಟುಕೊಂಡು ಡಾಕ್ಟರೇಟ್ ಪಡೆದು 1933ರಲ್ಲಿ ಹಿಂದಿರುಗಿದರು. ಇಂದು ಅದೇ ಊರಿನ ಬಾಗಿಲಲ್ಲಿ 11,904 ಯೂರೋದ ಚೀಟಿ ಕೇಳುತ್ತಾರೆ. ಪರದೇಶಕ್ಕೆ ಹೋಗುವುದು ಸರ್ಕಾರ ಕೊಡುವ ಭಿಕ್ಷೆಯಲ್ಲ, ವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಆ ತೀರ್ಪಿನ ಒತ್ತಾಯದಿಂದಲೇ ಪಾಸ್‌ಪೋರ್ಟ್ ಕಾಯಿದೆ ಬಂದದ್ದು.

ಜರ್ಮನಿಯ ಕಾಯಿದೆಯನ್ನು ಕೊಟ್ಟೂರಿನಲ್ಲಿ ಕುಳಿತು ನಾವು ತಿದ್ದಲಾರೆವು. ನಮ್ಮ ಸರ್ಕಾರವನ್ನು ತಿದ್ದಬಹುದು. ಮಾನ್ಯವಾದ ವಿದ್ಯಾರ್ಥಿವೇತನದ ಪತ್ರವಿದ್ದರೆ ಬೀಗದ ಖಾತೆ ಬೇಕಾಗುವುದಿಲ್ಲ. ಪರಿಶಿಷ್ಟ ಜಾತಿ-ವರ್ಗದವರಿಗೆ 'ಪ್ರಬುದ್ಧ' ಎಂಬ ಯೋಜನೆ ರಾಜ್ಯದಲ್ಲಿದೆ, ಒಳ್ಳೆಯದು. ಅದು ಹಿಗ್ಗಬೇಕು, ಉಳಿದ ಬಡವರಿಗೂ ಅಂಥದು ಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ಘೋಷಿಸಿದರು. ಅಂಥ ಹಣದಲ್ಲಿ ಒಂದು ಸಣ್ಣ ಪಾಲನ್ನು ಜಾಮೀನು ನಿಧಿಯಾಗಿ ಇಡಲಿ. ವಿದ್ಯಾರ್ಥಿ ಸಾಲ ತೀರಿಸಿದಂತೆ ಅದು ಮರಳಿ ಬರುವ ಹಣ, ಚರಂಡಿಯ ಗುತ್ತಿಗೆಯಲ್ಲಿ ಕರಗುವ ಹಣವಲ್ಲ. ಇನ್ನು ಜಿಲ್ಲೆಯ ಗೊಂದಲಕ್ಕೆ ಒಂದು ಪೈಸೆಯೂ ಖರ್ಚಿಲ್ಲ: 'ಈ ಊರು ಇಂಥ ವರ್ಷದಿಂದ ಇಂಥ ಜಿಲ್ಲೆ, ಇಂಥ ತಾಲ್ಲೂಕು, ಇಂಗ್ಲಿಷ್ ಕಾಗುಣಿತ ಇದು' ಎಂದು ಕನ್ನಡ-ಇಂಗ್ಲಿಷ್ ಎರಡರಲ್ಲೂ ಒಂದೇ ಪ್ರಮಾಣಪತ್ರವನ್ನು ತಹಶೀಲ್ದಾರರು ಕೊಟ್ಟರೆ ಹತ್ತು ಅಫಿಡವಿಟ್ಟು ಉಳಿಯುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕಿನ ತಹಶೀಲ್ದಾರರಿಗೆ ಈ ಬೇಡಿಕೆಯ ಮನವಿ ಕೊಡುವುದೆಂದು ನಮ್ಮ ಘಟಕಗಳು ತೀರ್ಮಾನಿಸಿವೆ. ಮಕ್ಕಳ ಕಾಗದಗಳಲ್ಲಿ ಇಂಥ ವ್ಯತ್ಯಾಸ ಇರುವವರು, ದಲ್ಲಾಳಿಗೆ ರಸೀದಿಯಿಲ್ಲದೆ ಹಣ ಕೊಟ್ಟವರು, ಸಂತೆಯ ದಿನ ಕಚೇರಿಗೆ ಬನ್ನಿ. ನಕಲು ಪ್ರತಿ ಮಾತ್ರ ತನ್ನಿ, ಅಸಲನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ ಬೇಡ. ಹರಪನಹಳ್ಳಿಯ ಆ ಹಮಾಲರ ಮಗನ ತರಗತಿ ಅಕ್ಟೋಬರಿನಲ್ಲಿ ಆರಂಭ. ಮನೆಯ ಪತ್ರಗಳನ್ನು ಸಾಹುಕಾರರ ಬಳಿ ಇನ್ನೂ ಇಟ್ಟಿಲ್ಲ.