ಮೊಂತಿ ಫೆಸ್ತಿಗೆ ದುಬೈ ರೂಮ್‌ಮೇಟ್

ದುಬೈಯ ಊದ್ ಮೇತಾದ ಸೇಂಟ್ ಮೇರೀಸ್ ಚರ್ಚಿನಲ್ಲಿ ಕೊಂಕಣಿ ಬಲಿಪೂಜೆ ಮುಗಿದರೂ ನಮ್ಮವರು ಅಂಗಳ ಬಿಟ್ಟು ಕದಲುವುದಿಲ್ಲ. 'ನೀವು ಬೆಂದೂರಾ, ಬಿಜೈಯಾ?' ಅಂತ ಶುರುವಾದ ಮಾತು ಅರ್ಧ ಗಂಟೆಯಲ್ಲಿ ಸಂಬಂಧಕ್ಕೇ ಬಂದು ನಿಲ್ಲುತ್ತದೆ. ಆ ಚರ್ಚಿಗೆ ಜಾಗ ಕೊಟ್ಟವರು ದುಬೈಯ ಆಗಿನ ದೊರೆ ಶೇಖ್ ರಶೀದ್.

2019ರ ಫೆಬ್ರವರಿ 4ರಂದು ಪೋಪ್ ಫ್ರಾನ್ಸಿಸ್ ಮತ್ತು ಅಲ್ ಅಝ್‌ಹರ್‌ನ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅಬುಧಾಬಿಯಲ್ಲಿ ಮಾನವ ಸಹೋದರತ್ವದ ಘೋಷಣೆಗೆ ಸಹಿ ಹಾಕಿದರು. ನನ್ನ ಪ್ರಕಾರ ಬೆಡ್‌ಸ್ಪೇಸ್ ರೂಮುಗಳಲ್ಲಿ ಆ ಸಹಿ ಯಾವತ್ತೋ ಬಿದ್ದಿತ್ತು. ಬ್ಯಾರಿ, ಬಂಟ, ಪೊರ್ಬು ಎಲ್ಲರಿಗೂ ಒಂದೇ ಕುಕ್ಕರಿನ ಕುಚ್ಚಲಕ್ಕಿ ಗಂಜಿ. ಜಗಳ ಏನಿದ್ದರೂ ಪಾತ್ರೆ ತೊಳೆಯುವವರು ಯಾರು ಅನ್ನೋದಕ್ಕೆ.

ಅದೇ ಜನ ಬಜ್ಪೆಯಲ್ಲಿ ಇಳಿದ ಮೇಲೆ ಒಬ್ಬರ ಮನೆಗೊಬ್ಬರು ಹೋಗುವುದು ಕಡಿಮೆ. 2008ರ ಸೆಪ್ಟೆಂಬರಿನಲ್ಲಿ ಇಲ್ಲಿನ ಚರ್ಚುಗಳ ಮೇಲೆ ನಡೆದ ದಾಳಿಯ ಮಾತು ಬಂದರೆ ನಮ್ಮ ಮನೆಯಲ್ಲಿ ಈಗಲೂ ದನಿ ತಗ್ಗುತ್ತದೆ. ಹೆದರಿಕೆ ಬೇಲಿ ಹಾಕಿಸಿತು, ನಿಜ. ಆದರೆ ಹಬ್ಬದೂಟಕ್ಕೆ ನಾವೂ ನಮ್ಮವರನ್ನಷ್ಟೇ ಕರೆಯುತ್ತೇವಲ್ಲ?

ಈ ಸಲ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ದುಬೈ ರೂಮಿನ ಬ್ಯಾರಿ ಗೆಳೆಯನನ್ನು ಮನೆಮಂದಿ ಸಮೇತ ಕರೆದಿದ್ದೇನೆ. ಅಮ್ಮನಿಗೆ ಅಡುಗೆಯ ಚಿಂತೆ ಹತ್ತಿತ್ತು. ಹೊಸ ಅಕ್ಕಿಯ ಆ ಊಟ ಹೇಗೂ ಸಸ್ಯಾಹಾರ, ಹಲಾಲ್ ಪ್ರಶ್ನೆಯೇ ಇಲ್ಲ ಅಂದೆ.