ಬಾಟ್ಲಿ ಊರಾಗ ಸಿಗ್ತೈತಿ, ಬಿಡಿಸೋ ಔಷಧಿ ಯಾಕ ಸಿಗಬಾರದು?



ಈ ವಾರ ಮೆಕ್ಕೆಜೋಳದ ಸೈನಿಕ ಹುಳದ ಬಗ್ಗೆ ಬರೀತೀನಿ ಅಂದಿದ್ದೆ. ಅದನ್ನ ಎರಡು ಮಾತಲ್ಲಿ ಮುಗಿಸ್ತೀನಿ. ಸುಳಿಯಾಗ ಹುಳ ಕಂಡ ಕೂಡಲೇ ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರ್ ನೀರಿಗೆ 0.4 ಗ್ರಾಂ ಕಲಸಿ, ಸಂಜೆ ಹೊತ್ತು, ಸುಳಿಯೊಳಗೇ ಬೀಳುವಂಗ ಹೊಡೀರಿ. ತಡ ಮಾಡಿದರೆ ಹುಳ ಒಳಗ ಸೇರಿಕೊಂಡು ಬಿಡ್ತೈತಿ, ಆಮೇಲೆ ಎಷ್ಟು ಹೊಡೆದರೂ ದಂಡ. ಉಳಿದದ್ದು ಇವತ್ತು ಹೊಲದ ಮಾತಲ್ಲ. ಹೊಲ ಮಾಡೋ ಮನುಷ್ಯರ ಮಾತು.

ಹೋದ ವಾರ ಕಟ್ಟೆ ಮ್ಯಾಲೆ ಕುಂತಾಗ ನನ್ನ ಚಿಕ್ಕಪ್ಪನ ಮಗನ ಸುದ್ದಿ ಬಂತು. ಹೆಸರು ಬೇಡ, ತಮ್ಮ ಅಂತೀನಿ. ಒಬ್ಬ ಹಿರಿಯರು, "ಗಟ್ಟಿ ಮನಸ್ಸು ಮಾಡಿದ್ರ ಯಾವತ್ತೋ ಬಿಡ್ತಿದ್ದ ಬಿಡಪ್ಪ, ಅವನಿಗೆ ಬಿಡೋ ಮನಸ್ಸೇ ಇಲ್ಲ" ಅಂದರು. ಕುಂತವರೆಲ್ಲ ತಲೆ ಆಡಿಸಿದರು. ಎರಡು ವರ್ಷದ ಹಿಂದೆ ಆಗಿದ್ರೆ ನಾನೂ ಆಡಿಸ್ತಿದ್ದೆ. ಈಗ ಆಗಲ್ಲ. ಆ ಮಾತು ನಂಬಿಕೊಂಡೇ ನಾನು ಅವನ ಜೀವ ತೆಗೆಯೋ ಹಂತಕ್ಕೆ ಹೋಗಿದ್ದೆ.

ನಡೆದದ್ದು ಇಷ್ಟು. ಉಳ್ಳಾಗಡ್ಡಿ ರೇಟು ಬಿದ್ದ ವರ್ಷದಿಂದ ತಮ್ಮನ ಕುಡಿತ ಸಂಜೆಯಿಂದ ಮುಂಜಾನೆಗೆ ಬಂತು. ಎದ್ದ ಕೂಡಲೇ ಕೈ ನಡುಗೋದು, ಒಂದು ನೈಂಟಿ ಬಿದ್ದರೆ ನಿಲ್ಲೋದು. ಎರಡು ಎಕರೆ ಲಾವಣಿಗೆ ಹೋಯ್ತು, ಹೆಂಡತಿ ಕಿವಿಯ ಓಲೆ ಹೋಯ್ತು. ಒಂದು ದಿನ ಸಿಟ್ಟು ತಡೆಯದೆ ನಾವು ಅಣ್ಣತಮ್ಮಂದಿರು ಸೇರಿ ಅವನನ್ನ ದನದ ಕೊಟ್ಟಿಗೆ ಪಕ್ಕದ ಕೋಣೆಯಾಗ ಹಾಕಿ ಬೀಗ ಜಡಿದ್ವಿ. ಬೀಗ ಹಾಕಿದ್ದು ನಾನೇ. ಎಂಟು ದಿನ ಹಾಕದಿದ್ರೆ ತಾನೇ ಬಿಡ್ತಾನೆ ಅಂತ.

ಮೊದಲ ದಿನ ಬೆವರು, ನಡುಕ, ವಾಂತಿ. "ನಾಟಕ" ಅಂದ್ವಿ. ಎರಡನೇ ರಾತ್ರಿ ಮೈ ಮೇಲೆ ಇರುವೆ ಹರೀತಾವು, ಗೋಡೆ ಮೇಲೆ ಯಾರೋ ನಿಂತಾರ ಅಂತ ಕೂಗಾಡಿದ. "ಗಾಳಿ ಸೋಕೈತಿ" ಅಂತ ಒಬ್ಬರು ದಾರ ಕಟ್ಟಿಸಿಕೊಂಡು ಬಂದರು. ಮೂರನೇ ದಿನ ನಸುಕಿಗೆ ಪಿಡ್ಸು ಬಂತು. ಕಣ್ಣು ಮೇಲೆ, ಬಾಯಾಗ ನೊರೆ. ಟಾಟಾ ಏಸ್ ಗಾಡಿಯಾಗ ಹಾಕಿಕೊಂಡು ಓಡಿದ್ವಿ. ಒಂದು ಆಸ್ಪತ್ರೆಯಾಗ "ಕುಡುಕರ ಕೇಸು" ಅಂತ ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ವಾಪಸ್ ಕಳಿಸಿದರು.

ಇದಕ್ಕೆ ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಬಹಳ ವರ್ಷ ದಿನಾ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಪಿಡ್ಸು ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಬುದ್ಧಿ ತಪ್ಪಿ, ಇಲ್ಲದ್ದು ಕಂಡು, ಜ್ವರ ಏರಿ ಜೀವ ಹೋಗಬಹುದು. ಡಾಕ್ಟರುಗಳು ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಅದಕ್ಕೆ ಔಷಧಿ ಇದೆ. ಕ್ಲೋರ್‌ಡಯಾಜೆಪಾಕ್ಸೈಡ್, ಲೋರಾಜೆಪಾಮ್ ಅಂತ ಹಳೆ ಮಾತ್ರೆಗಳು. ಡಾಕ್ಟರು ಲೆಕ್ಕ ಹಾಕಿ ಕೊಟ್ಟು ದಿನದಿನಕ್ಕೆ ಇಳಿಸ್ತಾ ಬರ್ತಾರೆ. ಅದರ ಜೊತೆ ಥಯಾಮಿನ್ ಅನ್ನೋ ಬಿ1 ವಿಟಮಿನ್, ಅದನ್ನೂ ಗ್ಲೂಕೋಸ್‌ಗಿಂತ ಮುಂಚೆ ಕೊಡಬೇಕು, ಇಲ್ಲಾಂದ್ರೆ ಮಿದುಳಿಗೆ ಏಟು. ಇದರಾಗ ಯಾವುದೂ ಲಕ್ಷ ರೂಪಾಯಿ ಔಷಧಿ ಅಲ್ಲ.

ಹಂಗಾಗಿ ಎಲ್ಲಕ್ಕಿಂತ ಮೊದಲು ಒಂದು ಮಾತು. ಮುಂಜಾನೆ ಕೈ ನಡುಗೋವಷ್ಟು ಕುಡಿಯೋ ಮನುಷ್ಯನನ್ನ ಮನೆಯಾಗ ಕೂಡಿಹಾಕಿ ಬಿಡಿಸೋಕೆ ಹೋಗಬ್ಯಾಡ್ರಿ. ಡಾಕ್ಟರ ಕೈಯಾಗ ಬಿಡಿಸ್ರಿ. ನಾನು ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ.

ಮುಂದಿನ ಕಥೆ ಇನ್ನೂ ಕೆಟ್ಟದ್ದು. ದೂರದ ಊರಿನ ಒಂದು ಖಾಸಗಿ ಕೇಂದ್ರದವರು ಫೋನ್ ಮಾಡಿದರೆ ಮನೆ ಬಾಗಿಲಿಗೇ ಗಾಡಿ ತಂದರು. ತಿಂಗಳಿಗೆ 12 ಸಾವಿರ, ಮೂರು ತಿಂಗಳು ಮುಂಗಡ. ಎಮ್ಮೆ ಮಾರಿ ಕಟ್ಟಿದ್ವಿ. ಅಲ್ಲಿ ಡಾಕ್ಟರ ಮುಖ ಅವನು ಒಂದು ದಿನ ನೋಡಲಿಲ್ಲ. ಬೈಗುಳ, ಏಟು, ಗುಡಿಸೋ ಕೆಲಸ. ವಾಪಸ್ ಬಂದ ಎಂಟನೇ ದಿನಕ್ಕೆ ಮತ್ತೆ ಕುಡಿದ.

2017ರ ಮಾನಸಿಕ ಆರೋಗ್ಯ ಕಾಯ್ದೆ ಏನು ಹೇಳುತ್ತೆ ಗೊತ್ತಾ? ಕುಡಿತಕ್ಕೆ ಸಂಬಂಧಪಟ್ಟ ಮಾನಸಿಕ ತೊಂದರೆಯೂ ಆ ಕಾಯ್ದೆಯೊಳಗೆ ಬರುತ್ತೆ. ಇಂಥ ಕಾಯಿಲೆಗೆ ಒಳಗಿಟ್ಟು ಚಿಕಿತ್ಸೆ ಕೊಡೋ ಕೇಂದ್ರ ನೋಂದಣಿ ಆಗಿರಬೇಕು. ಸರಪಳಿ ಹಾಕುವಂತಿಲ್ಲ. ಒಪ್ಪದವನನ್ನ ಒಳಗೆ ಇಡಬೇಕಾದರೆ ತಜ್ಞರು ಪರೀಕ್ಷೆ ಮಾಡಿ ಬರೆದುಕೊಡಬೇಕು. ಮನೆಯವರು ದುಡ್ಡು ಕಟ್ಟಿದರು ಅಂತ ಎತ್ತಿಕೊಂಡು ಹೋಗೋ ಹಕ್ಕು ಯಾರಿಗೂ ಇಲ್ಲ. ನೋಂದಣಿ ಪತ್ರ ತೋರಿಸ್ರಿ, ಡಾಕ್ಟರು ಯಾರು ಹೇಳ್ರಿ, ಅಂತ ಮೊದಲು ಕೇಳಬೇಕಿತ್ತು. ನಾವು ಎಮ್ಮೆ ಮಾರೋ ಆತುರದಾಗ ಇದ್ವಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸೋರು ನಾವು, ತಮ್ಮನನ್ನ ಒಪ್ಪಿಸುವಾಗ ಏನೂ ಕೇಳಲಿಲ್ಲ.

ಇನ್ನು ಗೋಡೆ ಮೇಲೆ ಬರೀತಾರಲ್ಲ, "ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಅಂತ, ಆ ಪುಡಿ ಮನೆಗೆ ತರಬ್ಯಾಡ್ರಿ. ಡೈಸಲ್ಫಿರಾಮ್ ಅನ್ನೋ ಮಾತ್ರೆ ಇದೆ, ಅದು ಹೊಟ್ಟೆಯಾಗ ಇದ್ದಾಗ ಕುಡಿದರೆ ಎದೆ ಬಡಿತ ಏರಿ, ಬಿಪಿ ಬಿದ್ದು, ಜೀವಕ್ಕೇ ಕುತ್ತು. ಕುಡಿಯೋನಿಗೆ ತಿಳಿಸಿ, ಅವನು ಒಪ್ಪಿದ ಮೇಲೆ ಡಾಕ್ಟರು ಕೊಡೋ ಔಷಧಿ ಅದು. ಕದ್ದು ಹಾಕಿದರೆ ವಿಷ.

ಕಡೆಗೆ ಒಬ್ಬ ಆಶಾ ಕಾರ್ಯಕರ್ತೆ ದಾರಿ ತೋರಿಸಿದಳು. ಬಳ್ಳಾರಿಯಲ್ಲಿ ಸರ್ಕಾರಿ ಮನೋವೈದ್ಯರು ನೋಡಿದರು, ಬೈಲಿಲ್ಲ, ಔಷಧಿ ಪುಕ್ಕಟೆ ಕೊಟ್ಟರು. ಇಪ್ಪತ್ತು ದಿನಕ್ಕೆ ತಮ್ಮ ಹೊಲಕ್ಕೆ ಬಂದು ಕುಂಟೆ ಹಿಡಿದ. ಆದರೆ ಹದಿನೈದು ದಿನಕ್ಕೊಮ್ಮೆ ಹೋಗಬೇಕು. ಸಂಡೂರಿಗೆ ಒಂದು ಬಸ್ಸು, ಅಲ್ಲಿಂದ ಬಳ್ಳಾರಿಗೆ ಇನ್ನೊಂದು, ಸರದಿಯಲ್ಲಿ ನಿಂತು ವಾಪಸ್ ಬರೋಷ್ಟರಲ್ಲಿ ಕತ್ತಲು. ಹೆಂಡತಿಗೆ ಶಕ್ತಿ ಯೋಜನೆಯಾಗ ಬಸ್ಸು ಪುಕ್ಕಟೆ, ಅವನಿಗೆ ಟಿಕೆಟ್ಟು. ಇಬ್ಬರ ಕೂಲಿ ಹೋಯ್ತು. ಮೂರನೇ ಸಲಕ್ಕೆ ಕಳೆ ತೆಗೆಯೋ ಸುಗ್ಗಿ, ಹೋಗಲಿಲ್ಲ. ಔಷಧಿ ತಪ್ಪಿತು. ಮತ್ತೆ ಶುರುವಾಯ್ತು. ಅವನ ಹೆಂಡತಿ ನನಗೆ ಹೇಳಿದ ಮಾತು ಇದು: "ಭಾವ, ಬಾಟ್ಲಿ ನಡಕೊಂಡು ಹೋದ್ರ ಸಿಗ್ತೈತಿ. ಔಷಧಿಗೆ ಎರಡು ಬಸ್ಸು ಹತ್ತಬೇಕು. ಯಾವುದು ಗೆಲ್ಲತೈತಿ ನೀವೇ ಹೇಳ್ರಿ."

ಕಟ್ಟೆ ಮೇಲಿನ ಹಿರಿಯರಿಗೆ ನನ್ನ ಉತ್ತರವೂ ಇದೇ. ತಮ್ಮನ ಮನಸ್ಸು ಗಟ್ಟಿ ಇಲ್ಲ ಅಂತಲ್ಲ, ದಾರಿ ಉದ್ದ ಐತಿ. ಸುಳಿಯಾಗ ಹುಳ ಬಿದ್ದರೆ ಜೋಳಕ್ಕೆ ಬೈತೀವಾ, ಔಷಧಿ ಹೊಡೀತೀವಾ?

ಇದು ಒಂದು ಮನೆ ಕಥೆ ಅಲ್ಲ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ಮಾಡಿ, 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ ದೇಶದಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಕುಡಿತದಿಂದ ಹಾನಿ ಆಗ್ತಿದೆ ಅಥವಾ ಅದಿಲ್ಲದೆ ಇರೋಕಾಗಲ್ಲ. ಹಂಗೆ ಕುಡಿತಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬನಿಗೆ. ಆಸ್ಪತ್ರೆಯಲ್ಲಿ ಮಲಗಿಸಿ ನೋಡಿದ್ದು 180ಕ್ಕೆ ಒಬ್ಬನನ್ನ. 37 ಮಂದಿಗೂ ಮನಸ್ಸು ಗಟ್ಟಿ ಇರಲಿಲ್ಲವಾ?

ಈಗ ನಮ್ಮ ಜಿಲ್ಲೆಯ ಮಾತು. ಇದನ್ನ ಓದಿ ನನಗೆ ಹೊಟ್ಟೆ ಉರಿಯಿತು, ನಿಮಗೂ ಉರೀಲಿ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಮಾನಸಿಕ ಕಾಯಿಲೆಗೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದಾ ಅಂತ ಪ್ರಯೋಗ ಮಾಡಿದ್ದು ಎಲ್ಲಿ? ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಔಷಧಿ ಅಲ್ಲೇ ಸಿಗುವಂಗೆ ಮಾಡಿದರು. ಅದು ನಡೆಯುತ್ತೆ ಅಂತ ಗೊತ್ತಾಯ್ತು. 1996ರಲ್ಲಿ ಅದನ್ನೇ ಮಾದರಿ ಮಾಡಿಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಹರಡಿತು. ಪುಸ್ತಕದಲ್ಲಿ ಅದಕ್ಕೆ "ಬಳ್ಳಾರಿ ಮಾದರಿ" ಅಂತಲೇ ಹೆಸರು. ದೇಶಕ್ಕೆ ಬೀಜ ಕೊಟ್ಟ ಹೊಲ ನಮ್ಮದು. ನಮ್ಮ ಹೊಲದಾಗೇ ಬಿತ್ತನೆ ಇಲ್ಲ ಅಂದ್ರೆ ಹೆಂಗೆ?

"ಸರ್ಕಾರದ ಹತ್ರ ದುಡ್ಡಿಲ್ಲ" ಅಂತ ಹೇಳೋರಿಗೆ ಎರಡು ಲೆಕ್ಕ.

ಒಂದು, 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. 2011ರ ಜನಗಣತಿಯ 6.11 ಕೋಟಿ ಜನರಿಗೆ ಹಂಚಿದರೆ, ಕೂಸು ಮುದುಕಿ ಸೇರಿ ತಲೆಗೆ 6,500 ರೂಪಾಯಿ ಮೇಲೆ. ಮಾರೋಕೆ ಗುರಿ ಇಡ್ತಾರೆ. ಬಿಡಿಸೋಕೂ ಒಂದು ಗುರಿ ಇಡಲಿ.

ಎರಡು, ಗಣಿ ದುಡ್ಡು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆ ಗುತ್ತಿಗೆಯವರು ರಾಜಧನದ 30%, ಹರಾಜಿನಲ್ಲಿ ಪಡೆದವರು 10% ಆ ನಿಧಿಗೆ ಕಟ್ಟಬೇಕು. ಅದು ಗಣಿಬಾಧಿತ ಜನರಿಗೆ ಅಂತಲೇ ಇರೋ ದುಡ್ಡು, ಆರೋಗ್ಯ ಅದರ ಆದ್ಯತೆ ಪಟ್ಟಿಯಲ್ಲೇ ಇದೆ. ಸಂಡೂರಿನ ಗುಡ್ಡ ಅಗೆದ ದುಡ್ಡು ಸಂಡೂರಿನವರ ಜೀವ ಉಳಿಸೋಕೆ ಬರಲಿ ಅನ್ನೋದು ಭಿಕ್ಷೆ ಅಲ್ಲ. ಒಂದು ಸಭೆಯಲ್ಲಿ ಎದ್ದು ನಿಂತು ಇದನ್ನ ಕೇಳಿದಾಗ ಕೆಲವರು ನಕ್ಕರು, "ಕುಡುಕರಿಗೆ ಹಾಸಿಗೆ ಬೇಕಂತೆ" ಅಂತ. ನಕ್ಕವರ ಪೈಕಿ ಇಬ್ಬರ ಮನೆಯಲ್ಲೂ ಇದೇ ಕಥೆ ನಡೀತಿದೆ. ಅವರಿಗೂ ಗೊತ್ತು, ನನಗೂ ಗೊತ್ತು.

"ಅಂಗಡಿ ಮುಚ್ಚಿಸಿದ್ರ ಎಲ್ಲಾ ಸರಿ ಹೋಗ್ತೈತಿ" ಅನ್ನೋರೂ ಇದ್ದಾರೆ. ಅವರ ಸಂಕಟ ನನಗೆ ಅರ್ಥ ಆಗುತ್ತೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು, ಅವರ ಕಾಲಿಗೆ ಶರಣು. ಹಳ್ಳಿಹಳ್ಳಿಯ ಅಕ್ರಮ ಮಾರಾಟ ನಿಲ್ಲಲೇಬೇಕು. ಆದರೆ 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ಬಂದ್ ಆದದ್ದು ನೆನಪಿದೆಯಾ? ಸಾರಾಯಿ ಹೋಯ್ತು, ಪಾಕೀಟು ಬಂತು, ಕುಡಿಯೋರು ಅವರೇ ಉಳಿದರು. ನಾಳೆ ಎಲ್ಲಾ ಅಂಗಡಿ ಮುಚ್ಚಿದರೂ ಮೂರನೇ ದಿನ ಪಿಡ್ಸು ಬಂದವನನ್ನ ಎಲ್ಲಿಗೆ ಒಯ್ಯೋದು? ಮುಚ್ಚಿಸೋದೂ ಬೇಕು, ಚಿಕಿತ್ಸೆಯೂ ಬೇಕು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆ ಜೊತೆ ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡ್ತಾರೆ. ಅಲ್ಲಿಂದ ಬದುಕು ಕಂಡವರು ಇದ್ದಾರೆ, ಒಳ್ಳೇದೇ. ಆದರೆ ಶಿಬಿರ ಊರಿಗೆ ಬರೋದು ಯಾವಾಗಲೋ ಒಮ್ಮೆ. ಕಾಯಿಲೆ ದಿನಾ ಇರುತ್ತೆ.

ಹಂಗಾದ್ರೆ ನಾವು ಕೇಳಬೇಕಾದ್ದು ಏನು? ಮೂರೇ.

1. ಸಂಡೂರು ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಕುಡಿತ ಬಿಡಿಸೋಕೆ ಅಂತಲೇ ನಾಲ್ಕು ಹಾಸಿಗೆ. ಮೊದಲ ವಾರ ಅಲ್ಲೇ ಮಲಗಿಸಿ ನೋಡುವಂಗೆ.

2. ಒಮ್ಮೆ ತಜ್ಞರು ನೋಡಿ ಬರೆದುಕೊಟ್ಟ ಮೇಲೆ, ಮುಂದಿನ ಔಷಧಿ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ ಹೆಂಗೆ ಕೊಡ್ತಾರೋ ಹಂಗೆ. ಇದೇ ಅಲ್ವಾ ಬಳ್ಳಾರಿ ಮಾದರಿ?

3. ಪ್ರತಿ ಹೋಬಳಿಗೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕ. ಇದಕ್ಕೆ ಎಂಬಿಬಿಎಸ್ ಬೇಡ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಯಾಗುವಷ್ಟು ಕುಡಿಯೋ ಗಂಡಸರ ಜೊತೆ, ಡಾಕ್ಟರಲ್ಲದ ಊರಿನವರೇ ತರಬೇತಿ ಪಡೆದು ಕೆಲವೇ ಸಲ ಕುಂತು ಮಾತಾಡಿದರು. ಮೂರು ತಿಂಗಳ ನಂತರ ಆ ಗುಂಪಿನ 100ಕ್ಕೆ 42 ಮಂದಿ ಹಿಂದಿನ ಎರಡು ವಾರ ಮುಟ್ಟಿರಲಿಲ್ಲ. ಮಾತಿನ ನೆರವು ಸಿಗದ ಗುಂಪಿನಲ್ಲಿ 18 ಮಾತ್ರ. ತುಂಬಾ ಅಂಟಿಕೊಂಡವರಿಗೆ ಇದೊಂದೇ ಸಾಲದು, ಆದರೆ ಅಲ್ಲಿಗೆ ಹೋಗೋ ಮುಂಚೆ ಎಷ್ಟೋ ಜನರನ್ನ ಹಿಡಿದು ನಿಲ್ಲಿಸಬಹುದು. ಸುಳಿಯಾಗ ಹುಳ ಸಣ್ಣದಿದ್ದಾಗಲೇ ಔಷಧಿ ಹೊಡೆದಂಗೆ.

ಅಲ್ಲಿವರೆಗೆ ಕೈಯಾಗ ಇರೋದು ಇಷ್ಟು. 14416ಕ್ಕೆ ಫೋನ್ ಮಾಡ್ರಿ. ಟೆಲಿಮನಸ್ ಅಂತ, 2022ರ ಅಕ್ಟೋಬರ್‌ನಿಂದ ನಡೀತಿದೆ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಚಟ ಬಿಡಿಸೋ ಸಹಾಯವಾಣಿ 14446 ಇದೆ. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರು ಇದ್ದಾರೆ. ಪಿಡ್ಸು, ಇಲ್ಲದ್ದು ಕಾಣೋದು, ಜ್ವರದ ಜೊತೆ ಬಡಬಡಿಸೋದು ಕಂಡರೆ ದಾರ ಕಟ್ಟಿಸಬ್ಯಾಡ್ರಿ, 108ಕ್ಕೆ ಫೋನ್ ಮಾಡ್ರಿ. ಎಷ್ಟು ವರ್ಷದಿಂದ ಕುಡೀತಿದ್ದ, ಕೊನೆ ಸಲ ಯಾವಾಗ ಕುಡಿದ ಅಂತ ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳ್ರಿ.

ತಮ್ಮ ಈಗ ಬಿಟ್ಟು ಐದು ತಿಂಗಳಾಯ್ತು. ನಡುವೆ ಎರಡು ಸಲ ಜಾರಿದ. ಜಾರಿದ ಮರುದಿನ ಅವನ ಹೆಂಡತಿ ನನಗೆ ಫೋನ್ ಮಾಡಿದಳು, ಬೀಗ ಹುಡುಕಲಿಲ್ಲ, ಇಬ್ಬರೂ ಸೇರಿ ಬಸ್ ಹತ್ತಿಸಿದ್ವಿ. ಈಗ ಸರದಿ ಪ್ರಕಾರ ನಾವು ಮೂರು ಮನೆಯವರು ಅವನ ಜೊತೆ ಬಳ್ಳಾರಿಗೆ ಹೋಗ್ತೀವಿ, ಆ ದಿನ ಅವನ ಹೊಲದ ಕೆಲಸ ಉಳಿದವರು ನೋಡ್ತೀವಿ. ಮುಯ್ಯಾಳು ಪದ್ಧತಿ ನಮಗೆ ಹೊಸದಲ್ಲವಲ್ಲ. ಆದರೆ ಅಣ್ಣತಮ್ಮಂದಿರು ಇಲ್ಲದವನ ಗತಿ ಏನು?

ಮೇಲಿನ ಮೂರು ಬೇಡಿಕೆ ಬರೆದು ಅರ್ಜಿ ಮಾಡಿಟ್ಟೀನಿ. ಜಿಲ್ಲಾಧಿಕಾರಿಗೆ, ಶಾಸಕರಿಗೆ ಕೊಡೋದು. ಸೋಮವಾರ ಸಂಜೆ ಚೋರನೂರು ಬಸ್ ನಿಲ್ದಾಣದ ಹತ್ರ ಇರ್ತೀನಿ. ಸಹಿ ಹಾಕೋಕೆ ಬರ್ರಿ, ಹೆಣ್ಣುಮಕ್ಕಳನ್ನೂ ಕರಕೊಂಡು ಬರ್ರಿ. ಕುಡಿಯೋರೂ ಬರ್ರಿ, ಯಾರೂ ಏನೂ ಅನ್ನಲ್ಲ.

ಮುಂದಿನ ವಾರ ಉಳ್ಳಾಗಡ್ಡಿ ಸಸಿ ಮಡಿ ಬಗ್ಗೆ ಬರೀತೀನಿ.